ಬಾತುಕೋಳಿ ಚಿತ್ರದ ಬಾಗಿಲು

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಎದುರು ಮೊನ್ನೆ ಕೊಂಡ ಒಗ್ಗರಣೆ ಮಂಡಕ್ಕಿಯ ಪೊಟ್ಟಣದ ಮೇಲೆ ನೀಲಿ ಶಾಯಿಯ ಕೈಬರಹವಿತ್ತು. ಎಣ್ಣೆ ಕುಡಿದ ಕಾಗದ, ಕರಿದ ಮೆಣಸಿನಕಾಯಿಯ ಘಾಟು... ತಿನ್ನುವ ಮೊದಲೇ ಪೊಟ್ಟಣದ ಅಂಚು ಬಿಡಿಸಿ ಓದತೊಡಗಿದೆ. ಪಕ್ಕದ ಮನೆಯ ಕಾಂಪೌಂಡರ್ ಮಾಮನ ಅಕ್ಷರ ಸಿಕ್ಕೀತೇ ಎಂದು. ಸಿಗುವುದಿಲ್ಲ. ಏಳೆಂಟು ವರ್ಷದ ಹಿಂದಿನ ಕಾಗದ ಎಂದೋ ಒಲೆ ಸೇರಿದೆ. ಬೇಕಿದ್ದರೆ ವಾದಿಸಿ ಸಾಬೀತು ಮಾಡಬಲ್ಲೆ. ಆದರೂ ಓದುತ್ತೇನೆ.

ಮಾಮ ಕಾನಹೊಸಹಳ್ಳಿಯ ದನದ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಸೂಜಿ ಹಾಕುತ್ತ ಹಾಕುತ್ತ ಕುರಿಗಾರರ ಮಾತು ಬರೆದುಕೊಂಡಿದ್ದರು. ಕುರಿಯ ಬಣ್ಣಕ್ಕೊಂದು ಹೆಸರು, ಕಿವಿಗೊಂದು, ಕುಂಟುವ ಬಗೆಗೊಂದು. ಟ್ರಂಕಿನ ತುಂಬ ನೋಟ್‌ಬುಕ್ಕು. ತಾಯಿ ಸತ್ತ ಮರಿಯನ್ನು ಬೇರೆ ಕುರಿಗೆ ಹೊಂದಿಸಿ ಹಾಲು ಕುಡಿಸುವುದಕ್ಕೂ ಒಂದು ಪದವಿತ್ತು. ಒಂದೇ ಒಂದು ಪದ... ಅದನ್ನವರು ನನಗೆ ಎರಡು ಸಲ ಹೇಳಿದ್ದರು.

ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್‌ಗಳನ್ನು ಗೆದ್ದು ತರುತ್ತಿದ್ದವನು. ಪರ ಕೊಟ್ಟರೂ ಸೈ, ವಿರೋಧ ಕೊಟ್ಟರೂ ಸೈ. ಮಾಮ ನನ್ನನ್ನು ವಕೀಲ ಎಂದೇ ಕರೆಯುತ್ತಿದ್ದರು. ಅವರು ಕಂಪ್ಯೂಟರ್ ಕೊಂಡು, ಒಂದೊಂದೇ ಬೆರಳಲ್ಲಿ ನೋಟ್‌ಬುಕ್ಕುಗಳನ್ನೆಲ್ಲ ಟೈಪು ಮಾಡಿ ಮುಗಿಸಿದಾಗ ಟ್ರಂಕಿನಲ್ಲಿದ್ದುದನ್ನು ರದ್ದಿಗೆ ಹಾಕುವ ಪ್ರಶ್ನೆ ಬಂತು.

"ಇರ್ಲಿ ಬಿಡಲೇ, ಟ್ರಂಕೇನ್ ಅನ್ನ ಕೇಳ್ತೈತೇನು?" ಎಂದರು ಮಾಮ.

"ಕಾಗದಕ್ಕ ಗೆದ್ದಲು ಹತ್ತತೈತಿ, ಕಂಪ್ಯೂಟರಿಗೆ ಹತ್ತತೈತೇನ್ರಿ ಮಾಮ?" ಎಂದೆ ನಾನು.

ಮಾಮನ ಹೆಂಡತಿ ನಕ್ಕರು. "ಕೊಟ್ಟು ಬಿಡ್ರಿ ಅತ್ಲಾಗ. ಈ ವಕೀಲನ್ನ ಗೆದ್ದೋರು ಯಾರದಾರ?"

ಗೆದ್ದೆ. ನೋಟ್‌ಬುಕ್ಕುಗಳು ಮಂಡಕ್ಕಿ ಅಂಗಡಿಗೆ ಹೋದವು. ಗೆದ್ದ ಹುರುಪಿನಲ್ಲಿ ಅವರ ಫೋಲ್ಡರಿಗೆ ಭದ್ರತೆಯನ್ನೂ ಕೊಟ್ಟೆ. ಮಾಮನ ಹೆಸರಿನಲ್ಲಿ ಒಳಬಂದವರಿಗೆ ಮಾತ್ರ ಅನುಮತಿ, ಬೇರೆಯವರಿಗಿಲ್ಲ. ಅಷ್ಟು ಸಾಲದೆಂದು, ಕಡತಗಳನ್ನು ಗುಪ್ತಲಿಪಿಗೆ ತಿರುಗಿಸುವ ಇನ್ನೊಂದು ಚೌಕಕ್ಕೂ ಗುರುತು ಹಾಕಿದೆ. ಅದರ ಕೀಲಿ ಎಲ್ಲಿರುತ್ತದೆಂದು ಓದಲಿಲ್ಲ. ಎಲ್ಲದಕ್ಕೂ ಆಧಾರ ಕೇಳುವ ನಾನು ಅಂದು ನನ್ನನ್ನೇ ಕೇಳಿಕೊಳ್ಳಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಾಮ ಕಾಂಪೌಂಡಿನಾಚೆಯಿಂದ ಕೂಗಿದರು. "ಏ ವಕೀಲಾ, ಹೊಸಾದು ನಾಕು ಮಾತು ಸಿಕ್ಕಾವು, ಉಳಿಸಾಕ ಹೋದ್ರ ಅನುಮತಿ ಇಲ್ಲ ಅಂತೈತಿ. ನನ್ನ ಮನಿಗೆ ನನಗ ಅನುಮತಿ ಇಲ್ಲಂದ್ರ ಹೆಂಗಲೇ?"

ಹೋಗಿ ಕುಳಿತೆ. ಅನುಮತಿಯ ಪಟ್ಟಿಯನ್ನು ತಿದ್ದಲು ನೋಡಿದೆ, ಅದೂ ಬಿಡಲಿಲ್ಲ. ಮಾಮ ಹಿಂದೆ ನಿಂತು ಏನೋ ಹೇಳುತ್ತಿದ್ದರು. "ಇವತ್ತು ಬಾತುಕೋಳಿ ಚಿತ್ರ ಒತ್ತಿ ಒಳಗ ಬಂದೆ ನೋಡು. ದಿನಾ ಚೆಂಡಿನ ಚಿತ್ರ ಒತ್ತತಿದ್ದೆ..."

"ಮಾಮ, ಚಿತ್ರಕ್ಕೂ ಇದಕ್ಕೂ ಸಂಬಂಧಿಲ್ರಿ. ಸುಮ್ನಿರ್ರಿ."

ವೈರಸ್ ಎಂದು ತೀರ್ಪು ಕೊಟ್ಟೆ. ಸಿ ಡ್ರೈವ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆ. ಅವರ ಫೋಲ್ಡರ್ ಡಿ ಡ್ರೈವಿನಲ್ಲಿತ್ತು, ಅದನ್ನು ಮುಟ್ಟಲಿಲ್ಲ. ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು. ಫೋಲ್ಡರಿನ ಒಡೆತನವನ್ನು ಹೊಸ ಖಾತೆಗೆ ಬರೆಸಿ, ಸಕಲ ಅನುಮತಿಗಳನ್ನೂ ಕೊಟ್ಟೆ. ಕಡತಗಳ ಹೆಸರು, ಗುಪ್ತಲಿಪಿಯ ಗುರುತಾದ ಹಸಿರು ಅಕ್ಷರಗಳಲ್ಲಿ ಸಾಲಾಗಿ ಕಂಡವು. ಒಂದೂ ತೆರೆಯಲಿಲ್ಲ.

ಮಾಮ ಕನ್ನಡಕ ಏರಿಸಿ ಪರದೆಯ ಹತ್ತಿರ ಬಗ್ಗಿದರು.

"ಬಾತುಕೋಳಿ ಎಲ್ಲಿ ಹೋತಲೇ? ಮಗಳು ರಜಾಕ್ಕ ಬಂದಾಗ ಇಸ್ಪೀಟು ಆಡಾಕ ಹಾಕ್ಕೊಂಡಿದ್ಲು..."

ಆಗ ಹೊಳೆಯಿತು. ಮಾಮ ಅಂದು ಬೆಳಿಗ್ಗೆ ಬಾತುಕೋಳಿ ಚಿತ್ರವಿದ್ದ ಮಗಳ ಖಾತೆಯಿಂದ ಒಳಬಂದಿದ್ದರು, ಅಷ್ಟೇ. ಹೊರಗೆ ಹೋಗಿ ಚೆಂಡಿನ ಚಿತ್ರ ಒತ್ತಿದ್ದರೆ ಸಾಕಿತ್ತು. ಗುಪ್ತಲಿಪಿಯ ಕೀಲಿ ಅವರ ಹಳೆಯ ಖಾತೆಯೊಳಗಿತ್ತು. ಆ ಖಾತೆ ನಾನು ಅಳಿಸಿದ ಸಿ ಡ್ರೈವಿನಲ್ಲಿತ್ತು.

ಹೊಸಪೇಟೆಯ ಎರಡು ಅಂಗಡಿಗಳಿಗೆ ಡಿಸ್ಕ್ ಹೊತ್ತೊಯ್ದೆ. ಇಬ್ಬರೂ ಹಸಿರು ಅಕ್ಷರ ನೋಡಿದ ತಕ್ಷಣ ಆಗುವುದಿಲ್ಲವೆಂದು ತಲೆಯಾಡಿಸಿದರು. ಮತ್ತೆ ಕುರಿಗಾರರನ್ನೇ ಕೇಳಿ ಬರೆಯೋಣ ಎಂದೆ. "ಆಗ ಹೇಳಿದ ಮುದುಕ್ರೆಲ್ಲ ಮಣ್ಣಾಗ್ಯಾರಪ್ಪ," ಎಂದರು ಮಾಮ. ಬೈಯಲಿಲ್ಲ. ಬೈದಿದ್ದರೆ ಎದುರು ವಾದಕ್ಕೇನಾದರೂ ಸಿಗುತ್ತಿತ್ತು. ಹೊಸ ನೋಟ್‌ಬುಕ್ಕಿನಲ್ಲಿ ನೆನಪಿನಿಂದ ಬರೆಯಲು ಕುಳಿತರು. ಮೂರು ಪುಟವಾಯಿತು. ನಾಲ್ಕನೆಯದರಲ್ಲಿ ಅರ್ಥಗಳಿದ್ದವು, ಎದುರಿನ ಪದದ ಜಾಗ ಖಾಲಿ. ಮರುವರ್ಷ ತೀರಿಕೊಂಡರು...

ಈಚೆಗೆ ಹಂಪಸಾಗರದ ದಾರಿಯಲ್ಲಿ ಹಿಂಡು ಅಡ್ಡ ಬಂದಾಗ ಬೈಕು ನಿಲ್ಲಿಸಿ, ಹಿಂಡಿನವನನ್ನು ಕೇಳಿದೆ. ತಾಯಿ ಸತ್ತ ಮರಿಯನ್ನು ಬೇರೆ ಕುರಿಗೆ ಹೊಂದಿಸುವುದಕ್ಕೆ ಏನಂತೀರಿ?

"ಏನಂತಾರ್ರಿ? ಹಾಲು ಕುಡಸ್ತೀವಿ ಅಂತೀವಿ," ಎಂದು ನಕ್ಕ. "ಯಾಕ್ರಿ, ಬ್ಯಾರೆ ಏನರ ಅಂತಾರೇನು?"

ಅಂತಾರೆ ಎನ್ನಲು ನನ್ನ ಬಳಿ ಆಧಾರವಿರಲಿಲ್ಲ.

ಮೊನ್ನೆಯ ಪೊಟ್ಟಣದಲ್ಲಿದ್ದುದು ಯಾರದೋ ಶಾಲೆಯ ಹದಿಮೂರರ ಮಗ್ಗಿ. ಕೊನೆಯ ಸಾಲಿನವರೆಗೂ ಓದಿದೆ. ಅಷ್ಟರಲ್ಲಿ ಮಂಡಕ್ಕಿ ಮೆತ್ತಗಾಗಿತ್ತು.