ನಿಮ್ಮ ಕೆರೆ, ನಮ್ಮ ನಡುಮನೆ

ಬೆಳಿಗ್ಗೆ ಬೀರು ತಡಕುವಾಗ ಹಳೆಯ ಇಂಕ್ ಪ್ಯಾಡ್ ಸಿಕ್ಕಿತು. ಶಾಯಿ ಒಣಗಿ ಎಷ್ಟೋ ವರ್ಷವಾಗಿದೆ, ವಾಸನೆ ಮಾತ್ರ ಹೋಗಿಲ್ಲ. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ: ಒಮ್ಮೆ ನಾನು ನೆರೆ ನೀರು ಇಳಿಸಲೆಂದು ಈ ಪ್ಯಾಡ್ ಹಿಡಿದುಕೊಂಡು ಹೋಗಿದ್ದೆ.

ಆಗ ನಾನು ಶೆಟ್ಟಿಕೆರೆ ಕಡೆಯ ಒಂದು ಪಂಚಾಯಿತಿಯಲ್ಲಿ ಕಾರ್ಯದರ್ಶಿ. ವರ್ಷಗಟ್ಟಲೆ ಒಣಗಿದ್ದ ಕೆರೆ ಆ ಸಲ ತುಂಬಿ ಕೋಡಿ ಬಿತ್ತು. ಊರಿಗೆ ಊರೇ ಏರಿಯ ಮೇಲೆ ನಿಂತು ಸಂಭ್ರಮಿಸುತ್ತಿದ್ದರೆ, ಕೋಡಿ ನೀರು ಹಳ್ಳದ ದಾರಿ ಬಿಟ್ಟು, ಕೆರೆಯ ಕೆಳಗಿದ್ದ ಜಯಮ್ಮ ಎಂಬಾಕೆಯ ತೆಂಗಿನ ತೋಟಕ್ಕೆ ನುಗ್ಗಿ, ಮನೆಯ ಸುತ್ತ ಮೊಣಕಾಲುದ್ದ ನಿಂತು, ಹೊಸ್ತಿಲು ದಾಟಿ ನಡುಮನೆಗೂ ಬಂದಿತ್ತು. ಮಣ್ಣಿನ ಗೋಡೆ. ಅಟ್ಟದ ತುಂಬ ಕೊಬ್ಬರಿಗೆಂದು ಬಿಟ್ಟ ಕಾಯಿ. ಗೋಡೆ ನೆನೆದು ಕೂತರೆ ಎರಡೂ ಹೋದಂತೆಯೇ.

ರಸ್ತೆಯಲ್ಲಿ ಜೆಸಿಬಿ ಸಿದ್ಧವಾಗಿ ನಿಂತಿತ್ತು. ತೋಟದಲ್ಲೊಂದು ಕಾಲುವೆ ತೆಗೆದರೆ ನೀರು ಹಳ್ಳ ಸೇರುತ್ತಿತ್ತು. ಆದರೆ ಖಾಸಗಿ ಜಾಗದಲ್ಲಿ ಪಂಚಾಯಿತಿ ಕೈಹಾಕಲು ಮಾಲೀಕರ ಒಪ್ಪಿಗೆ ಬೇಕು. ನನಗೋ ನಿಯಮವೆಂದರೆ ನಿಯಮ. ಪ್ಯಾಂಟು ಮಡಿಚಿ, ಪ್ಯಾಡನ್ನು ತಲೆಯ ಮೇಲಿಟ್ಟುಕೊಂಡು ನೀರಿಗಿಳಿದೆ. ಜಯಮ್ಮನ ಹೆಬ್ಬೆಟ್ಟು ಒತ್ತಿಸುವ ಮುನ್ನ ಪಹಣಿ ನೋಡಿದರೆ, ಜಮೀನು ಇನ್ನೂ ಅವಳ ಮಾವನ ಹೆಸರಿನಲ್ಲಿದೆ. ಅವರು ತೀರಿಕೊಂಡು ಹತ್ತು ವರ್ಷ.

"ಅವರ ಸೈನೇ ಬೇಕಿತ್ತಲ್ಲಮ್ಮ," ಎಂದೆ.

"ನಮ್ ಮಾವನ್ದಾ? ತೋಟದ್ ಮೂಲೇಲಿ ಸಮಾಧಿ ಐತೆ. ಈಜ್ಕಂಡೋಗಿ ಕೇಳ್ಕಂಬನ್ನಿ ಸ್ವಾಮಿ."

ನಾನು ನಗಲಿಲ್ಲ. ತಾಲ್ಲೂಕು ಕಚೇರಿಗೆ ಫೋನ್ ಮಾಡಿದೆ. ಅವರು ಇವರನ್ನು ಕೇಳಿ ಎಂದರು, ಇವರು ಅವರನ್ನು ಕೇಳಿ ಎಂದರು. ಎರಡು ಗಂಟೆ ಹೋಯಿತು. ಅಷ್ಟರಲ್ಲಿ ಜಯಮ್ಮ ಅರಿಶಿನ ಕುಂಕುಮ ತಂದು ಹೊಸ್ತಿಲ ನೀರಿಗೆ ಹಾಕಿ ಕೈಮುಗಿದಳು.

"ಇದೇನಮ್ಮ?"

"ಗಂಗಮ್ಮ ಮನೆಗ್ ಬಂದವ್ಳೆ. ಕುಂಕುಮ ಕೊಟ್ಟು ಕಳಿಸ್ಬ್ಯಾಡ್ವಾ? ಅಲ್ಲಾ ಸ್ವಾಮಿ, ಕೆರೆ ಯಾರ್ದು?"

"ಪಂಚಾಯ್ತಿದು."

"ಹಂಗಾರೆ ನೀವು ನನ್ ಜಾಗದ್ ಮಾತೇ ಎತ್ಬ್ಯಾಡಿ. ನಿಮ್ ಕೆರೆ ನಮ್ ನಡುಮನೆಗ್ ಬಂದೈತೆ, ಕರ್ಕಂಡೋಗಿ."

ಅಷ್ಟು ವರ್ಷ ಸುತ್ತೋಲೆ ಓದಿದವನಿಗೆ ಇದು ಹೊಳೆದಿರಲಿಲ್ಲ. 'ಕೆರೆಯ ಕೋಡಿ ನೀರನ್ನು ಹಳ್ಳಕ್ಕೆ ಸೇರಿಸುವ ಕೆಲಸ' ಎಂದು ಬರೆದು ಜೆಸಿಬಿ ಒಳಗೆ ಬಿಟ್ಟೆ. ಅರ್ಧ ಗಂಟೆಗೆಲ್ಲ ಕಾಲುವೆ ಹಳ್ಳ ಮುಟ್ಟಿ ನೀರು ಇಳಿಯತೊಡಗಿತು. ಆದರೆ ಅದಕ್ಕೆ ತುಸು ಮೊದಲೇ ಪಡುವಲ ಗೋಡೆ ಕುಸಿದು, ಆ ಬದಿಯ ಅಟ್ಟದ ಕಾಯೆಲ್ಲ ದಡದಡನೆ ನೀರಿಗೆ ಬಿದ್ದು ತೇಲಿದವು. ನನ್ನ ಆ ಎರಡು ಗಂಟೆ ಉಳಿದಿದ್ದರೆ ಗೋಡೆಯೂ ಉಳಿಯುತ್ತಿತ್ತು.

"ಮಿಕ್ಕಿದ್ ಮನೆ ನಿಂತೈತಲ್ಲ, ಬುಡಿ ಸ್ವಾಮಿ," ಎಂದಳು ಜಯಮ್ಮ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಪ್ಯಾಡ್ ಮುಚ್ಚಿ ಕಿಟಕಿಯಾಚೆ ನೋಡಿದೆ. ನಿನ್ನೆಯ ಮಳೆಗೆ ಪಕ್ಕದ ತೋಟದವರ ಕೊಟ್ಟಿಗೆಯ ಸುತ್ತ ನೀರು ನಿಂತಿತ್ತು. ಬದುವಿನ ಜಗಳವಾದಾಗಿನಿಂದ ಅವರಿಗೂ ನಮಗೂ ಮಾತಿಲ್ಲ. ಆ ನೀರು ಹರಿದುಹೋಗಬೇಕಾದರೆ ನನ್ನ ಬದುವನ್ನೇ ಕಡಿಯಬೇಕು.

ಗುದ್ದಲಿ ಹೆಗಲಿಗೇರಿಸಿ ಹೊರಟೆ. ಮಾಲೀಕರ ಒಪ್ಪಿಗೆಯನ್ನು ದಾರಿಯಲ್ಲೇ ಕೊಟ್ಟುಕೊಂಡೆ.