ಹೋಗೋಣ ಅಂದವಳು ಅಮ್ಮ

ಹೊಸೂರು ಪಕ್ಕದ ಮೂಕಂಡಪಲ್ಲಿಯ ಮನೆ ಬಿಟ್ಟು ಅಷ್ಟು ದೂರದ ತಳಿ ಊರಿನ ಕಡೆಗೆ ಯಾಕೆ ಹೋದಿರಿ ಅಂತ ಶಾಲೆಯಲ್ಲಿ ಜೊತೆಯ ಮೇಷ್ಟ್ರುಗಳು ಕೇಳಿದರೆ, ನೀರಿನ ತೊಂದರೆ ಅಂದುಬಿಡುತ್ತೇನೆ. ಅದು ಸುಳ್ಳೂ ಅಲ್ಲ. ಬೋರು ಬತ್ತಿತ್ತು, ಟ್ಯಾಂಕರಿಗೆ ಕಾಯಬೇಕಿತ್ತು. ಆದರೆ ನಾವು ಮನೆ ಬಿಟ್ಟದ್ದು ನೀರಿಗಾಗಿ ಅಲ್ಲ.

ಆ ಮನೆ ಕಟ್ಟಿಸಿದವರು ಅಪ್ಪ. ಅವರು ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಸೈಟು ಕೊಂಡಾಗ ಹಿಂದೆ ಹುರುಳಿ ಹೊಲವಿತ್ತಂತೆ. ನಾನು ಹೈಸ್ಕೂಲು ಮುಗಿಸುವಷ್ಟರಲ್ಲಿ ಅಲ್ಲಿ ಬಾಡಿಗೆ ಮನೆಗಳ ಸಾಲು ಎದ್ದಿತ್ತು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅಮ್ಮ, ನಾನು, ನನ್ನ ಹೆಂಡತಿ. ನಾನು ಹೊಸೂರಿನ ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತೇನೆ. ಹೆಂಡತಿಗೆ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ. ಬೇರೆ ಕಡೆ ಹೋಗೋಣ ಅಂತ ಅವಳು ಎರಡು ವರ್ಷದಿಂದ ಹೇಳುತ್ತಿದ್ದಳು. ಅವಳು ಮಾತೆತ್ತಿದಾಗಲೆಲ್ಲ ನಾನು ಅಮ್ಮನನ್ನು ಮುಂದೆ ಮಾಡುತ್ತಿದ್ದೆ. "ಅಮ್ಮ ಈ ಮನೆ ಬಿಟ್ಟು ಬರಲ್ಲ" ಅನ್ನುತ್ತಿದ್ದೆ. ನಿಜ ಹೇಳಬೇಕೆಂದರೆ, ಅಮ್ಮನನ್ನು ನಾನು ಒಂದು ಸಲವೂ ಕೇಳಿರಲಿಲ್ಲ.

ಒಳಚರಂಡಿಗೆ ಅಂತ ನಮ್ಮ ಬೀದಿ ಅಗೆದರು. ಎದೆಯೆತ್ತರದ ಗುಂಡಿ, ನಮ್ಮ ಹೊಸ್ತಿಲಿಂದ ಎರಡೇ ಹೆಜ್ಜೆಗೆ, ಬೀದಿಯ ಈ ತುದಿಯಿಂದ ಆ ತುದಿವರೆಗೆ. ಅಗೆದವರು ಹೋದರು, ಪೈಪು ಬರಲಿಲ್ಲ. ಗುತ್ತಿಗೆದಾರ ಬದಲಾದ ಅಂದರು. ನಾವು ಮನೆಗೊಂದು ಹಲಗೆ ಹಾಕಿಕೊಂಡೆವು. ಎಪ್ಪತ್ತು ದಾಟಿದ್ದ ಅಮ್ಮ ಪಕ್ಕಕ್ಕೆ ತಿರುಗಿಕೊಂಡು, ಒಂದೊಂದೇ ಕಾಲು ಸರಿಸುತ್ತ ಆ ಹಲಗೆ ದಾಟುತ್ತಿದ್ದಳು. ಅದನ್ನು ನೋಡಲಾಗದೆ ನಾನು ಒಳಗೆ ಹೋಗಿಬಿಡುತ್ತಿದ್ದೆ.

ಒಂದು ದಿನ ಮಧ್ಯಾಹ್ನ ಜೋರು ಮಳೆ ಬಂತು. ಶಾಲೆ ಬಿಟ್ಟು ನಾನು ಬೀದಿ ಮುಟ್ಟಿದಾಗ ನಾಲ್ಕೂವರೆ. ಗುಂಡಿ ಬಾಯಿವರೆಗೆ ತುಂಬಿ, ಕೆಂಪು ನೀರು ಬೀದಿಯ ಮೇಲೂ ಹರಿಯುತ್ತಿತ್ತು. ರಸ್ತೆ ಯಾವುದು, ಗುಂಡಿ ಯಾವುದು ಗೊತ್ತಾಗುತ್ತಿರಲಿಲ್ಲ. ನಮ್ಮ ಬಾಗಿಲಿಗೆ ಬೀಗ ಬಿದ್ದಿತ್ತು. ಅಮ್ಮನಿಗೆ ಫೋನು ಮಾಡಿದೆ. ಅದು ಮನೆಯೊಳಗೇ ರಿಂಗಾಯಿತು. ಹಲಗೆ ಇದ್ದ ಜಾಗದಲ್ಲಿ ಇರಲಿಲ್ಲ. ನಾಲ್ಕು ಮನೆ ಆಚೆ, ಮಣ್ಣಿನ ಗುಡ್ಡೆಗೆ ತಾಗಿಕೊಂಡು ತೇಲುತ್ತಿತ್ತು.

ಎದುರುಮನೆಯ ತಮಿಳು ಅಕ್ಕ ಕಿಟಕಿಯಿಂದ ನೋಡಿ, "ಅಮ್ಮಾವ ಕಾಣೋಮಾ, ಸಾರ್?" ಅಂದರು. ಹೌದು, ಅಮ್ಮ ಕಾಣುತ್ತಿಲ್ಲ ಅಂದೆ.

"ಎರಡು ಗಂಟೆಗೆ ಮಾತ್ರೆ ತರೋಕೆ ಹೋದ್ರು. ವಾಪಸ್ ಬಂದಿದ್ದು ನಾನು ನೋಡ್ಲಿಲ್ಲ."

ಮೆಡಿಕಲ್ ಶಾಪಿಗೆ ಫೋನು ಮಾಡಿದೆ. ಅಜ್ಜಿ ಬಂದಿದ್ದರು, ಮಾತ್ರೆ ತಗೊಂಡು ಮಳೆ ಶುರುವಾಗೋ ಮುಂಚೆಯೇ ಹೊರಟರು ಅಂದ ಅಂಗಡಿಯವನು. ಅಂಗಡಿಯಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ.

ಆಮೇಲೆ ನಾನು ಏನು ಮಾಡಿದೆ ಅನ್ನುವುದನ್ನು ಬರೆಯಲು ಈಗಲೂ ಕಷ್ಟ. ಹಿತ್ತಲಲ್ಲಿ ನುಗ್ಗೆಕಾಯಿ ಕೀಳುವ ಉದ್ದನೆಯ ಕೋಲಿತ್ತು. ಹಿಂದಿನ ಸಾಲಿನ ಕಡೆಯಿಂದ ಗೋಡೆ ಹತ್ತಿ ಅದನ್ನು ತಂದು ಗುಂಡಿಯ ನೀರಿಗೆ ಇಳಿಬಿಟ್ಟೆ. ಹಲಗೆ ಇದ್ದ ಜಾಗದಿಂದ ಶುರುಮಾಡಿ, ಅಂಗುಲ ಅಂಗುಲ ಚುಚ್ಚುತ್ತ ಹೋದೆ. ಕೋಲಿನ ತುದಿಗೆ ಮೆತ್ತಗೆ ಏನಾದರೂ ತಾಗಿದರೆ ಅಲ್ಲೇ ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದೆ. ಕೆಸರು ಅಂತ ಗೊತ್ತಾದ ಮೇಲೆ ಮುಂದಕ್ಕೆ. ಅಷ್ಟರಲ್ಲಿ ಬೀದಿಯ ಜನ ಸೇರಿದ್ದರು. ಹಿಂದಿನ ಸಾಲಿನಲ್ಲಿ ಬಾಡಿಗೆಗಿದ್ದ ಒಡಿಶಾದ ಕಾರ್ಮಿಕರಿಬ್ಬರು ಬಂದು, ನನ್ನ ಕೈಯಲ್ಲಿದ್ದ ಕೋಲು ನೋಡಿ, ಒಂದೂ ಮಾತು ಕೇಳದೆ ಅಂಗಿ ಬಿಚ್ಚಿ ಇಳಿದರು. ಎದೆಮಟ್ಟ ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಕಾಲಲ್ಲಿ ತಡವುತ್ತ ನಡೆದರು. ಎರಡು ವರ್ಷ ನಮ್ಮ ಹಿತ್ತಲಿನ ಗೋಡೆಯಾಚೆ ಇದ್ದವರು. ಅವರ ಹೆಸರೂ ನನಗೆ ಗೊತ್ತಿರಲಿಲ್ಲ.

ಮೂರನೇ ಮನೆ ಮುಂದೆ ಒಬ್ಬ ನಿಂತುಬಿಟ್ಟ. ಕಾಲಿಗೆ ಏನೋ ಸಿಕ್ಕಿದೆ ಅನ್ನುವಂತೆ ನನ್ನ ಮುಖ ನೋಡಿದ. ಇಬ್ಬರೂ ಮುಳುಗಿ ಎತ್ತತೊಡಗಿದರು. ಭಾರವಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಎದುರುಮನೆ ಅಕ್ಕ ನನ್ನ ತೋಳು ಹಿಡಿದು, "ಮೂಟೆ, ಸಾರ್, ಸಿಮೆಂಟ್ ಮೂಟೆ" ಅಂದಾಗ ಕಣ್ಣು ಬಿಟ್ಟೆ.

ಅವರು ಮೂಟೆಯನ್ನು ದಡಕ್ಕೆ ತಳ್ಳುತ್ತಿರುವಾಗಲೇ ಬೀದಿಯ ಆ ತುದಿಯಲ್ಲಿ ನನ್ನ ಹೆಂಡತಿ ಕಂಡಳು. ಅವಳ ತೋಳು ಹಿಡಿದುಕೊಂಡು ಅಮ್ಮ ಬರುತ್ತಿದ್ದಳು. ಸೀರೆ ಮೊಣಕಾಲಿನವರೆಗೆ ಕೆಸರಾಗಿತ್ತು. ಕೈಯಲ್ಲಿ ಮಾತ್ರೆಯ ಕವರಿತ್ತು.

ಅಂಗಡಿಯಿಂದ ಹೊರಟು ಹೆದ್ದಾರಿ ಮುಟ್ಟುವಷ್ಟರಲ್ಲಿ ಮಳೆ ಹಿಡಿದು, ಅಮ್ಮನಿಗೆ ಈಚೆಗೆ ದಾಟಲು ಆಗಿರಲಿಲ್ಲ. ಮಳೆಗೆ ಸರ್ವೀಸ್ ರಸ್ತೆ ಮುಳುಗಿ, ಲಾರಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ದಾಟಿಸಿ ಅಂತ ಮೂರು ನಾಲ್ಕು ಜನರನ್ನು ಕೇಳಿದಳಂತೆ. ಎಲ್ಲರಿಗೂ ಅವಸರ. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಎರಡೂವರೆ ಗಂಟೆ ಕೂತಿದ್ದಳು. ಕಾರ್ಖಾನೆ ಬಸ್ಸಿನಿಂದ ಇಳಿದ ನನ್ನ ಹೆಂಡತಿಯ ಕಣ್ಣಿಗೆ ಬಿದ್ದದ್ದು ಹಾಗೆ.

ಅಮ್ಮ ನೀರಿನಲ್ಲಿದ್ದ ಇಬ್ಬರನ್ನು ನೋಡಿದಳು, ನನ್ನ ಕೈಯಲ್ಲಿದ್ದ ಕೋಲನ್ನು ನೋಡಿದಳು. ಅವರಿಬ್ಬರಿಗೂ ಬಿಸಿನೀರು ಕಾಯಿಸಿಕೊಡು ಅಂತ ನನ್ನ ಹೆಂಡತಿಗೆ ಹೇಳಿದಳು.

ಮಾರನೇ ದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಕೇಳಿದಳು.

"ನನ್ನ ಗುಂಡೀಲಿ ಹುಡುಕ್ತಿದ್ದೇನ್ಲಾ?"

"ಹೂಂ."

"ನಾನು ಆ ಮೆಟ್ಲ ಮೇಲೆ ಕೂತ್ಕಂಡು ಇನ್ನೊಂದು ಯೋಚನೆ ಮಾಡ್ತಿದ್ದೆ. ನಮ್ಮ ಮನೆ ಟ್ಯಾಂಕು ಅಲ್ಲಿಗೆ ಕಾಣ್ತದೆ. ಮನೆ ಕಾಣ್ತದೆ, ಹೋಗಕ್ಕಾಗಕಿಲ್ಲ. ಇಂಥ ಮನೆ ಇಟ್ಕಂಡು ಏನ್ಲಾ ಮಾಡಾದು? ಹೋಗಾನ ನಡಿ."

"ಅಪ್ಪ ಕಟ್ಟಿಸಿದ ಮನೆ, ಅಮ್ಮಾ."

"ನಿಮ್ಮಪ್ಪ ಬದುಕಿದ್ದಿದ್ರೆ ಯಾವಾಗ್ಲೋ ಹೊರಡ್ಸಿರೋರು. ನೀನೇ ಕಣ್ಲಾ ಈ ಗೋಡೆ ಹಿಡ್ಕಂಡು ಕೂತಿರಾದು. ನನ್ನ ಹೆಸ್ರು ಯಾಕೆ ಹೇಳ್ತೀಯ?"

ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಇದು ಅವಳ ಕಿವಿಗೆ ಬಿತ್ತಲ್ಲ ಅಂತ ನನಗೆ ನಾಚಿಕೆಯಾಯಿತು. ಅವಳು ಗೆದ್ದವಳಂತೆ ನೋಡಲಿಲ್ಲ. ಸುಮ್ಮನೆ ಲೋಟ ತೆಗೆದುಕೊಂಡು ಹೋದಳು.

ಎರಡು ತಿಂಗಳಲ್ಲಿ ತಳಿಯ ಹತ್ತಿರ, ಅಮ್ಮನ ಅಕ್ಕನ ಮಗಳ ಊರಿನಲ್ಲಿ ಮನೆ ಸಿಕ್ಕಿತು. ಸಾಮಾನು ತುಂಬುವ ದಿನ ಎದುರುಮನೆ ಅಕ್ಕ ಹೊರಗೆ ಬರಲಿಲ್ಲ. ಹೇಳಿಹೋಗಲು ನಾನೇ ಹೋದೆ. "ಹೋಗೋಕೆ ಜಾಗ ಇರೋರು ಹೋಗ್ತೀರಿ, ಸಾರ್" ಅಂದರು. ಸಿಟ್ಟಿರಲಿಲ್ಲ.

ಈಗ ನಾನೂ ಹೆಂಡತಿಯೂ ಬೆಳಿಗ್ಗೆ ಆರು ಗಂಟೆಯ ಬಸ್ಸು ಹಿಡಿಯುತ್ತೇವೆ. ಅವಳು ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಾಳೆ. ಸಂಜೆ ಮನೆ ಸೇರುವಷ್ಟರಲ್ಲಿ ಇಬ್ಬರಿಗೂ ಸೊಂಟ ನೋವು. ಅಮ್ಮ ಮಾತ್ರ ದಿನಾ ಮಧ್ಯಾಹ್ನ ಒಬ್ಬಳೇ ಹೊರಟು ಅಕ್ಕನ ಮಗಳ ಹೂವಿನ ತೋಟದವರೆಗೆ ಹೋಗಿ ಬರುತ್ತಾಳೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಾಳಂತೆ. ನಾನು ಶಾಲೆಯಿಂದ ಮೂರು ಗಂಟೆಗೆ ಫೋನು ಮಾಡುತ್ತೇನೆ. ಅವಳು ಎತ್ತುವವರೆಗೆ ಪಾಠಕ್ಕೆ ಹೋಗುವುದಿಲ್ಲ. ಮೊನ್ನೆ ರೇಗಿದಳು: "ಬಂದಿದೀನಿ ಕಣ್ಲಾ, ಮನೇಲೇ ಇದೀನಿ. ಹೋಗಿ ಪಾಠ ಹೇಳು."