ಕಂಪ್ಯೂಟರ್ ಸಾಕೆಟ್ ಮುಂದೆ ನಿಂತು ಅತ್ತದ್ದು

ಹೋದ ವರ್ಷ ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಹೂ ಬಿಟ್ಟು ಬೆಳ್ಳಗಾಗಿದ್ದ ವಾರದಲ್ಲಿ ನಾನು ಮೂಡಿಗೆರೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಿಂತು ಗಳಗಳನೆ ಅತ್ತುಬಿಟ್ಟೆ. ಮದುವೆಯಾಗಿ ತವರು ಬಿಡುವಾಗಲೂ ನಾನು ಹಾಗೆ ಅತ್ತವಳಲ್ಲ. ಕಂಪ್ಯೂಟರ್ ಕೊಳ್ಳಲು ಹೋದವಳು ಯಾಕೆ ಅತ್ತೆ ಎಂದು ನಮ್ಮ ಮಗಳು ಇವತ್ತಿಗೂ ಕೇಳುತ್ತಾಳೆ. ಅವಳಿಗೆ ಪೂರ್ತಿ ಹೇಳಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮದು ಬಣಕಲ್ ಹತ್ತಿರ ಸಣ್ಣ ತೋಟ. ನಮ್ಮ ಮನೆಯವರಿಗೆ ಅರವತ್ತು ದಾಟಿದೆ. ಈ ವಯಸ್ಸಿನ ಉಳಿದ ಗಂಡಸರು ಇಸ್ಪೀಟು ಆಡುತ್ತಾರೆ, ಇವರು ಕಂಪ್ಯೂಟರಿನಲ್ಲಿ ಬಸ್ಸು ಓಡಿಸುತ್ತಾರೆ. ಅದೊಂದು ಆಟ. ಚಿಕ್ಕಂದಿನಲ್ಲಿ ಡ್ರೈವರ್ ಆಗಬೇಕೆಂಬ ಆಸೆಯಿತ್ತಂತೆ, ನಮ್ಮ ಮಾವ ಬಿಡಲಿಲ್ಲವಂತೆ. ಯಾರೋ ಪುಣ್ಯಾತ್ಮರು ನಮ್ಮ ಚಾರ್ಮಾಡಿ ಘಾಟಿಯನ್ನೇ ಹೋಲುವ ರಸ್ತೆಯನ್ನು ಆ ಆಟದೊಳಗೆ ಮಾಡಿಟ್ಟಿದ್ದಾರೆ. ಸಂಜೆಯಾದರೆ ಇವರು ಸ್ಟಿಯರಿಂಗ್ ಹಿಡಿದು ಘಾಟಿ ಇಳಿಯುತ್ತಿದ್ದರು. ಕಂಪ್ಯೂಟರ್ ಹಳೆಯದು. ತಿರುವಿನಲ್ಲಿ ಎದುರಿಗೆ ಲಾರಿ ಬಂದರೆ ಸಾಕು, ಪರದೆ ಗಕ್ಕನೆ ನಿಂತುಬಿಡುತ್ತಿತ್ತು. ಆಗ ಇವರ ಬಾಯಿಂದ ಅಸಲಿ ಡ್ರೈವರನ ಬೈಗುಳಗಳೇ ಬರುತ್ತಿದ್ದವು.

ನಾನು ಅಂಗಡಿಯಲ್ಲಿ ಅತ್ತದ್ದಕ್ಕೂ ಹಿಂದಿನ ಮಳೆಗಾಲದಲ್ಲಿ ಇವರಿಗೆ ಎದೆನೋವು ಬಂತು. ಮಂಗಳೂರಿಗೆ ಕರೆದುಕೊಂಡು ಹೋಗಿ ಸ್ಟೆಂಟ್ ಹಾಕಿಸಿದೆವು. ಡಾಕ್ಟರು, 'ಏನೂ ಭಯವಿಲ್ಲ, ಮೊದಲಿನ ಹಾಗೆಯೇ ಇರಿ' ಎಂದು ಕಳಿಸಿದರು. ಮನೆಗೆ ಬಂದವರು ಮಾತ್ರ ಮೊದಲಿನ ಹಾಗಿರಲಿಲ್ಲ. ಮಲಗಿ ಕೊರಗಲಿಲ್ಲ, ಊಟ ಬಿಡಲಿಲ್ಲ. ಮುಂದಿನದ್ದರ ಮಾತು ಬಿಟ್ಟುಬಿಟ್ಟರು, ಅಷ್ಟೇ. ಕನ್ನಡಕ ಬದಲಾಯಿಸಿ ಎಂದರೆ, "ಇರೋವಷ್ಟು ದಿನಕ್ಕೆ ಇದೇ ಸಾಕು ಮಾರಾಯ್ತಿ" ಎನ್ನುತ್ತಿದ್ದರು.

ನಮ್ಮಲ್ಲಿ ಪ್ರತಿ ವರ್ಷ ಚಳಿಗಾಲದಲ್ಲಿ ಕಾಫಿ ಬೀಜ ಬಿತ್ತಿ ಸಸಿ ಮಾಡಿಕೊಳ್ಳುವುದು ವಾಡಿಕೆ. ಸತ್ತ ಗಿಡಗಳ ಜಾಗಕ್ಕೆ ಮಳೆ ಹಿಡಿದ ಮೇಲೆ ಅವನ್ನು ನೆಡಬೇಕು. ಆ ಸಸಿ ಫಸಲು ಕೊಡಲು ಮೂರ್ನಾಲ್ಕು ವರ್ಷ ಬೇಕು. ಆ ಚಳಿಗಾಲ ಇವರು ಬೀಜ ಬಿತ್ತಿಸಲೇ ಇಲ್ಲ. ತೋಟದ ಮೇಸ್ತ್ರಿ ಎರಡು ಸಲ ಕೇಳಿದ. "ನೋಡೋಣ" ಎಂದು ಒಳಗೆ ಹೋದರು. ಮೂರ್ನಾಲ್ಕು ವರ್ಷದ ಲೆಕ್ಕವನ್ನೇ ಇವರು ಬಿಟ್ಟಿದ್ದಾರೆ ಎಂದು ನನಗೆ ಗೊತ್ತಾಯಿತು. ನಾನು ಸಂಕಟವಾದರೆ ಸುಮ್ಮನೆ ಕೂರುವವಳಲ್ಲ, ಜಗಳ ತೆಗೆಯುತ್ತೇನೆ. ಜಗಳವನ್ನೂ ಆಡಿದೆ. ಅವರು ಅರ್ಧಕ್ಕೇ ಎದ್ದು ಜಗಲಿಗೆ ಹೋಗಿ ಕೂತರು.

ಇಂಥ ಹೊತ್ತಿನಲ್ಲೇ ಆ ಕಂಪ್ಯೂಟರ್ ಕೆಟ್ಟಿತು. ಇವರು ಅದರ ಮೇಲೊಂದು ಟವೆಲ್ ಹೊದೆಸಿ ಸುಮ್ಮನಾದರು. ನಾನು ಬಿಡಲಿಲ್ಲ. ಅದನ್ನು ಜೀಪಿಗೆ ಹಾಕಿಸಿ, ಇವರನ್ನೂ ಹತ್ತಿಸಿಕೊಂಡು ಮೂಡಿಗೆರೆಗೆ ಹೋದೆ. ಅಂಗಡಿಯ ನವೀನ ನಮ್ಮ ಮಗಳ ಜೊತೆ ಓದಿದವನು. ಬಿಚ್ಚಿ ನೋಡಿ, "ಮದರ್‌ಬೋರ್ಡೇ ಹೋಗಿದೆ ಅಂಕಲ್. ಒಂದೆರಡು ತಿಂಗಳು ಕಾಯ್ತೀರಾ? ಹೊಸ ಪ್ರೊಸೆಸರ್‌ಗಳು ಬರ್ತಾವಂತೆ. ಚಿಕ್ಕದು, ದೊಡ್ಡದು ಎಲ್ಲಾ ಒಂದೇ ಸಾಕೆಟ್‌ಗೆ ಕೂರ್ತಾವಂತೆ. ಅದರ ಮುಂದಿನವೂ ಅದಕ್ಕೇ ಕೂರ್ತಾವೆ ಅಂತ ಕಂಪನಿಯವ್ರು ಹೇಳಿದ್ದಾರೆ" ಎಂದ.

ಇವರು ಹೂಂ ಎಂದರು, ಅಷ್ಟೇ. ಆದರೆ ಮಾರನೆಯ ದಿನ ತಿಂಡಿಗೆ ಕರೆದರೆ ಬರಲಿಲ್ಲ. ಹೋಗಿ ನೋಡಿದರೆ ಜಗಲಿಯಲ್ಲಿ ಕೂತು ಫೋನಿನಲ್ಲಿ ಆ ಪ್ರೊಸೆಸರಿನ ವಿಡಿಯೊ ನೋಡುತ್ತಿದ್ದಾರೆ. ಅಲ್ಲಿಂದ ಶುರುವಾಯಿತು. ಇವತ್ತು ಅದರ ಫೋಟೊ ಹೊರಬಿತ್ತಂತೆ, ನಾಳೆ ಅದರ ವೇಗ ಗೊತ್ತಾಗುತ್ತದಂತೆ. ನಮ್ಮ ಕಡೆ ಬೇಸಿಗೆಯಲ್ಲಿ ಹೂಮಳೆಗಾಗಿ ದಿನಾ ಆಕಾಶ ನೋಡುವ ಹಾಗೆ ಇವರು ದಿನಾ ಫೋನ್ ನೋಡತೊಡಗಿದರು.

ಒಂದು ದಿನ ದೋಸೆ ಹಾಕುತ್ತಾ, "ಈ ಸಾಕೆಟ್ ಅಂದ್ರೆ ಎಂತದು ರೀ?" ಎಂದು ಕೇಳಿದೆ. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ಕಳೆ ಬಂತು.

"ಹಳೇ ರೊಬಸ್ಟಾ ಗಿಡಾನ ಬುಡ ಉಳಿಸ್ಕೊಂಡು ಕಡಿದು, ಒಳ್ಳೇ ತಳಿ ಕಸಿ ಕಟ್ತೀವಲ್ಲ, ಹಾಗೇ ಕಣೇ. ಬುಡ ಅಂದ್ರೆ ಬೋರ್ಡು. ಕಸಿ ಅಂದ್ರೆ ಪ್ರೊಸೆಸರ್, ಅದು ಕೂರೋ ಜಾಗ ಸಾಕೆಟ್ಟು. ಬುಡ ಸರಿಯಾಗಿದ್ರೆ ಮುಂದೆ ಎಂಥಾ ಒಳ್ಳೇ ತಳಿ ಬಂದ್ರೂ ಅದಕ್ಕೇ ಕಟ್ಟಬಹುದು."

"ನಿಮ್ಮ ಕಂಪನಿಯವ್ರು ಮಾತು ತಪ್ಪಿದ್ರೆ?"

"ತಪ್ಪಿದ್ರೆ ಬೈಯೋಕೆ ನೀನಿದ್ದೀಯಲ್ಲ" ಎಂದರು. ಅವರು ನನ್ನನ್ನು ಛೇಡಿಸದೆ ಬಹಳ ಕಾಲವಾಗಿತ್ತು. ದೋಸೆ ಸೀದದ್ದೂ ಗೊತ್ತಾಗಲಿಲ್ಲ.

ಹೂಮಳೆ ಬಿದ್ದ ವಾರ ನವೀನನ ಫೋನ್ ಬಂತು, ಮಾಲು ಬಂದಿದೆ ಎಂದು. ಇಬ್ಬರೂ ಹೋದೆವು. ದಾರಿಯುದ್ದಕ್ಕೂ ಕಾಫಿ ಹೂವಿನ ಘಮ. ಇವರು ಮಾತ್ರ ಮತ್ತೆ ಮಂಕಾಗಿದ್ದರು. ಹಿಂದಿನ ದಿನ ಆಸ್ಪತ್ರೆಗೆ ತಪಾಸಣೆಗೆ ಹೋಗಿ ಬಂದಿದ್ದೆವು. ವರದಿ ಚೆನ್ನಾಗಿಯೇ ಇತ್ತು. ಆದರೂ ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದರೆ ಇವರ ಧೈರ್ಯವೆಲ್ಲ ಇಳಿದುಹೋಗುತ್ತಿತ್ತು.

ನವೀನ ಮೇಜಿನ ಮೇಲೆ ಎರಡು ಬೋರ್ಡ್ ಇಟ್ಟ. "ಅಂಕಲ್, ಇದು ಹಳೇ ಸ್ಟಾಕು. ಬರೀ ಬಸ್ ಓಡಿಸೋಕೆ ಇದೂ ಸಾಕು, ರೇಟೂ ಕಡಿಮೆ. ಆದ್ರೆ ಇದರ ಕತೆ ಇಲ್ಲಿಗೆ ಮುಗೀತು, ಮುಂದಿನ ಯಾವುದೂ ಇದಕ್ಕೆ ಕೂರಲ್ಲ. ಇದು ಹೊಸದು. ಈಗ ಸಣ್ಣ ಪ್ರೊಸೆಸರ್ ಹಾಕ್ಕೊಳಿ. ನಾಲ್ಕೈದು ವರ್ಷ ಬಿಟ್ಟು ಇನ್ನೂ ದೊಡ್ಡದು ಬರುತ್ತಂತೆ, ಅದನ್ನ ಇದಕ್ಕೇ ಹಾಕಿಸಬಹುದು."

ನಾಲ್ಕೈದು ವರ್ಷ ಎಂಬ ಮಾತು ಕೇಳಿದ್ದೇ ನಾನು ಇವರ ಮುಖ ನೋಡಿದೆ. ಇರೋವಷ್ಟು ದಿನಕ್ಕೆ ಹಳೇದೇ ಸಾಕು ಎಂದು ಇವರು ಈಗ ಹೇಳುತ್ತಾರೆ ಎನಿಸಿತು. ಹೊಸದೇ ತಗೊಳ್ಳಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅದು ಅವರ ಬಾಯಿಂದಲೇ ಬರಬೇಕಿತ್ತು. ನಾನು ಬಾಯಿ ಮುಚ್ಚಿಕೊಂಡು ನಿಂತದ್ದು ಜೀವನದಲ್ಲಿ ಅಪರೂಪ, ಅವತ್ತು ನಿಂತೆ.

ಇವರು ಹಳೆಯದನ್ನು ಕೈಗೆತ್ತಿಕೊಂಡರು. ತಿರುಗಿಸಿ ನೋಡಿದರು. ಕೆಳಗಿಟ್ಟರು. ಹೊಸ ಬೋರ್ಡಿನ ಸಾಕೆಟ್ಟಿನ ಚೌಕದ ಮೇಲೆ ಬಗ್ಗಿ, ಮುಟ್ಟದೆ, ಬಹಳ ಹೊತ್ತು ನೋಡಿದರು.

"ಹಳೇದು ಬೇಡ ನವೀನ" ಎಂದರು. "ಇದನ್ನೇ ಹಾಕು. ಈಗ ಸಣ್ಣದೇ ಇರ್ಲಿ. ಆ ದೊಡ್ಡದು ಬಂದಾಗ ನಾನೇ ಬಂದು ಹಾಕಿಸ್ಕೊಂಡು ಹೋಗ್ತೀನಿ."

ನಾನೇ ಬಂದು ಎಂದದ್ದು ಕಿವಿಗೆ ಬಿದ್ದದ್ದೇ ತಡ, ನನ್ನ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ತಡೆಯಲು ನೋಡಿದೆ, ಬಿಕ್ಕಳಿಕೆಯೂ ಸೇರಿಕೊಂಡಿತು. ಜೆರಾಕ್ಸ್ ಮಾಡಿಸಲು ಬಂದಿದ್ದ ಹೆಂಗಸೊಬ್ಬರು ತಾವು ಕೂತಿದ್ದ ಸ್ಟೂಲ್ ಬಿಟ್ಟುಕೊಟ್ಟು, ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟರು. ಏನಾಯಿತೆಂದು ಕೇಳಲಿಲ್ಲ, ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತರು. ಅವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನವೀನ ಮಾತ್ರ ಗಾಬರಿಯಾಗಿಬಿಟ್ಟ.

"ಆಂಟಿ, ಅಳ್ಬೇಡಿ. ರೇಟಲ್ಲಿ ಸ್ವಲ್ಪ ಬಿಡ್ತೀನಿ" ಎಂದ.

ಇವರು ನನ್ನ ಮುಖ ನೋಡಿ, "ಎಂತ ಆಯ್ತೇ ನಿಂಗೆ?" ಎಂದರು. ಧೂಳು ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ಮುಂದಕ್ಕೆ ಕೆದಕಲಿಲ್ಲ. ನವೀನ ನಿಜಕ್ಕೂ ರೇಟು ಕಡಿಮೆ ಮಾಡಿದ. ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನಗೆ ಬರಲಿಲ್ಲ.

ಈಗ ಘಾಟಿಯ ತಿರುವಿನಲ್ಲಿ ಎಷ್ಟು ಲಾರಿ ಬಂದರೂ ಪರದೆ ನಿಲ್ಲುವುದಿಲ್ಲ. ಸಣ್ಣ ಪ್ರೊಸೆಸರೇ ಧಾರಾಳವಾಯಿತು. ಹಾಗೆಂದು ಇವರು ದೊಡ್ಡದನ್ನು ಕೈಬಿಟ್ಟಿಲ್ಲ. ಮೊನ್ನೆ ಸಂಜೆ ಫೋನ್ ನೋಡುತ್ತಾ ಕೂತವರು ಮುಖ ಸಿಂಡರಿಸಿಕೊಂಡು, "ಆ ದೊಡ್ಡದು ಬರೋದು ಇನ್ನೂ ಒಂದು ವರ್ಷ ತಡವಂತೆ ಕಣೇ" ಎಂದರು.

"ತಡವಾದ್ರೆ ಆಗ್ಲಿ ಬಿಡಿ, ಕಾಯೋಣ" ಎಂದೆ.

"ಕಾಯದೆ ಇನ್ನೇನು ಮಾಡ್ತಾರೆ" ಎಂದು ಗೊಣಗಿದರು. ಆ ಗೊಣಗಾಟ ಕೇಳುತ್ತಾ ಕೂತ ನನಗೆ, ಆ ಕಂಪನಿಯವರು ಇನ್ನಷ್ಟು ತಡ ಮಾಡಿದರೂ ಅಡ್ಡಿಯಿಲ್ಲ ಎನಿಸಿತು.